ಅಜ್ಜಿಯ ಸಾವಿಗೆ ಒಂದು ವಿನಮ್ರ ಆಕ್ಷೇಪಣೆ

ಕುಟುಂಬ ಚರಿತ್ರೆ ಸಂಶೋಧಕರ ವಾರಾಂತ್ಯ ಶಿಬಿರದ ಸಂಚಾಲಕರೂ, ನಿವೃತ್ತ ಸರ್ವೆಯರ್ ಸಾಹೇಬರೂ, ಗತಿಸಿದವರೆಲ್ಲರ ಹಿತೈಷಿಗಳೂ ಆದ ತಮ್ಮ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮನೆಯವರಿಗೂ, ತಾವು ಕಷ್ಟಪಟ್ಟು ಪತ್ತೆಹಚ್ಚಿರುವ ತಮ್ಮ ಹದಿನಾಲ್ಕು ತಲೆಮಾರಿನ ಹಿರಿಯರಿಗೂ ನನ್ನ ಗೌರವಪೂರ್ವಕ ವಂದನೆಗಳು. ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ಹಿರಿಯರ ಆರೋಗ್ಯವಂತೂ ಇನ್ನು ಕೆಡುವ ಭಯವಿಲ್ಲ. ಈ ಅಹವಾಲನ್ನು ಶಿಬಿರದ ಸಲಹಾ ಪೆಟ್ಟಿಗೆಗೇ ಹಾಕಬೇಕೆಂದಿದ್ದೆ. ಆದರೆ ಪೆಟ್ಟಿಗೆಯ ಬೀಗದ ಕೈ ಕಳೆದುಹೋಗಿದೆಯೆಂದೂ, ಹಿಂದಿನ ಶಿಬಿರಗಳ ಸಲಹೆಗಳೆಲ್ಲ ಅದರೊಳಗೇ ಹಳೆಯದಾಗುತ್ತ ಸಂಶೋಧನೆಗೆ ಯೋಗ್ಯವಾಗುತ್ತಿವೆಯೆಂದೂ ಅಡುಗೆಯವರು ತಿಳಿಸಿದ್ದರಿಂದ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬಹಿರಂಗ ಪತ್ರ ಬರೆದುಬಿಡುವುದೇ ವಾಸಿಯೆನಿಸಿತು.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಶಿಬಿರಕ್ಕೆ ಬಂದವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಒಂದೇ ಬೆಂಚಿನ ಮೇಲೆ ಕೂರಲಾಗದೆ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಈಗ ಫ್ಯಾನು ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ದಿನವಿಡೀ ಒಂದೇ ಸ್ಟೂಲಿನ ಮೇಲೆ ಕೂರುವವಳು. ನೋಂದಣಿ ಅರ್ಜಿಯಲ್ಲಿ ‘ತಮಗೆ ಎಷ್ಟು ತಲೆಮಾರುಗಳ ಪರಿಚಯವಿದೆ?’ ಎಂಬ ಪ್ರಶ್ನೆಗೆ ‘ಮೂರು, ಅದರಲ್ಲಿ ಮೇಲಿನವರಿಗೆ ತಮ್ಮತಮ್ಮಲ್ಲೇ ಮಾತಿಲ್ಲ’ ಎಂದು ಬರೆದವಳು ನಾನೇ. ತಾವು ಅದನ್ನು ಉಡಾಫೆಯೆಂದು ಭಾವಿಸಿ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದಿರಿ. ಅಷ್ಟು ಪ್ರಾಮಾಣಿಕವಾಗಿ ನಾನು ಪರೀಕ್ಷೆಯಲ್ಲೂ ಉತ್ತರ ಬರೆದಿರಲಿಲ್ಲ.

ನನ್ನ ಅಜ್ಜಿ ಟೈಲರ್. ಬಟ್ಟೆ ಹೊಲಿದೇ ನನ್ನಮ್ಮನನ್ನು ಸಾಕಿದವಳು. ಅವಳಿಗೆ ಹದಿನಾಲ್ಕು ತಲೆಮಾರು ಬೇಕಿರಲಿಲ್ಲ, ಒಬ್ಬ ತಮ್ಮ ಸಾಕಾಗಿತ್ತು. ಆ ತಮ್ಮ ಬಡಗಿ. ಅಜ್ಜಿಯ ಮದುವೆಗೆ ತಾನೇ ಮರ ಆರಿಸಿ, ತಾನೇ ಕೊಯ್ದು, ಒಂದು ಬೀರು ಮಾಡಿಕೊಟ್ಟಿದ್ದನಂತೆ. ಅಜ್ಜಿ ನೆಂಟರೆಲ್ಲರ ಎದುರಿಗೆ ಅದರ ಬಾಗಿಲು ಎಳೆದು ನೋಡಿ, ಇದು ಹಾಕಿಕೊಳ್ಳುವುದಿಲ್ಲ ಎಂದಳಂತೆ. ಬಾಗಿಲು ನಿಜವಾಗಿಯೂ ಹಾಕಿಕೊಳ್ಳುತ್ತಿರಲಿಲ್ಲ. ನಿಜ ಹೇಳುವ ಕಾಯಿಲೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳಿಗೆ ಬರುವುದು ಸಿಟ್ಟು. ಅವತ್ತು ಎದ್ದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಊರು ಬದಲಾಯಿತು, ವಿಳಾಸ ಬದಲಾಯಿತು, ಅಜ್ಜಿಯ ಕೂದಲು ಬೆಳ್ಳಗಾಯಿತು, ಅವನದೂ ಆಗಿರಬೇಕು. ಕಳೆದುಹೋದ ಸಂಬಂಧಿಕರನ್ನು ಹುಡುಕಿಕೊಡುವುದರಲ್ಲಿ ತಾವು ನಿಸ್ಸೀಮರೆಂದು ಯಾರೋ ಹೇಳಿದ ಮೇಲೆ, ಅಜ್ಜಿ ಹೊಲಿಯಲು ತಂದಿದ್ದ ಬಟ್ಟೆಗಳನ್ನೆಲ್ಲ ಪಕ್ಕಕ್ಕಿಟ್ಟು, ಚೀಲ ಹೊರಲು ನನ್ನನ್ನು ಎಳೆದುಕೊಂಡು ಬಂದಳು.

ಶಿಬಿರದ ವ್ಯವಸ್ಥೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮಂಚಗಳು ಎಷ್ಟು ಕಿರಿದಾಗಿದ್ದವೆಂದರೆ ಮಲಗಿದ ಭಂಗಿಯಲ್ಲೇ ಗತಿಸಿದವರ ಅನುಭವವೂ ಆಗುತ್ತಿತ್ತು. ಸಭಾಂಗಣದ ಮೂಲೆಯ ಫ್ಯಾನು ತಿರುಗುತ್ತಿರಲಿಲ್ಲ. ಆದರೂ ಅದು ಸತ್ತಿದೆಯೆಂದು ಯಾರೂ ಬರೆದಿರಲಿಲ್ಲ, ಬಹುಶಃ ಪಕ್ಕದ ಫ್ಯಾನುಗಳು ಸಾಕ್ಷಿ ಹೇಳಿರಲಿಕ್ಕಿಲ್ಲ. ಬಚ್ಚಲಿನ ನಲ್ಲಿ ಸೋರುತ್ತಿತ್ತು. ಅದಕ್ಕೂ ಕಾರಣವಿದೆಯೆಂದು ಆಮೇಲೆ ತಿಳಿಯಿತು: ತಮ್ಮ ಕಟ್ಟಡಕ್ಕೆ ಕೆಲಸಕ್ಕೆ ಬಂದವರು ಮುತ್ತಜ್ಜನ ಹೆಸರು ಹೇಳದೆ ಒಳಗೆ ಕಾಲಿಡುವಂತಿಲ್ಲವಂತೆ, ನಲ್ಲಿ ರಿಪೇರಿಯವನಿಗೆ ಮುತ್ತಜ್ಜನ ಹೆಸರು ಗೊತ್ತಿಲ್ಲವಂತೆ.

ಮೊದಲ ದಿನ ಬೆಳಿಗ್ಗೆ ‘ಹಿರಿಯರ ಬಾಯಿ ಬಿಡಿಸುವುದು ಹೇಗೆ’ ಎಂಬ ವಿಷಯವಾಗಿ ತಾವು ಕೊಟ್ಟ ಉಪನ್ಯಾಸವನ್ನು ನಾನು ಮರೆಯಲಾರೆ. ತಾಳ್ಮೆಯಿರಬೇಕು, ನಡುವೆ ಬಾಯಿ ಹಾಕಬಾರದು, ಅವರ ಕಣ್ಣಿನಲ್ಲಿ ಕಣ್ಣಿಟ್ಟು ಕೇಳಬೇಕು ಎಂದು ತಾವು ವಿವರಿಸುತ್ತಿದ್ದಾಗ, ಅಲ್ಲಿದ್ದವರಲ್ಲೆಲ್ಲ ಹಿರಿಯಳಾದ ನನ್ನ ಅಜ್ಜಿ ಮತ್ತೆ ಮತ್ತೆ ಕೈ ಎತ್ತುತ್ತಿದ್ದಳು. ಪ್ರಶ್ನೆಗಳೆಲ್ಲ ಕೊನೆಯಲ್ಲಿ ಎಂದು ತಾವು ಕಣ್ಣಿನಲ್ಲಿ ಕಣ್ಣಿಡದೆ ಹೇಳಿದಿರಿ. ಕೊನೆಯಲ್ಲಿ ಚಹಾ ಬಂತು.

ಚಹಾ ಲೋಟ ಹಿಡಿದುಕೊಂಡೇ ನಾವು ಊಟದ ಕೋಣೆಯಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಅಂಟಿಸಿದ್ದ, ಇಲ್ಲಿಗೆ ಬಂದುಹೋದವರ ಮನೆತನಗಳನ್ನೆಲ್ಲ ಸೇರಿಸಿದ ತಮ್ಮ ಮಹಾವಂಶವೃಕ್ಷವನ್ನು ನೋಡಲು ಹೋದೆವು. ಅದರ ಪದ್ಧತಿ ನನಗೆ ಬಹಳ ಹಿಡಿಸಿತು. ಸತ್ತವರ ಹೆಸರು, ಕಸುಬು, ಹುಟ್ಟು, ಸಾವು ಎಲ್ಲವೂ ಕಪ್ಪು ಶಾಯಿಯಲ್ಲಿ ಊರಿಗೆಲ್ಲ ಕಾಣುವಂತೆ ಇರುತ್ತವೆ. ಬದುಕಿರುವವರದು ಗುಟ್ಟು, ಅವರಿಗೆ ಒಂದು ಖಾಲಿ ಚೌಕ, ಅದರೊಳಗೆ ‘ಜೀವಂತ’ ಎಂಬ ಒಂದೇ ಪದ. ಬದುಕಿರುವಷ್ಟು ಕಾಲ ಮನುಷ್ಯನ ಬಗ್ಗೆ ಹೇಳಲು ಇದಕ್ಕಿಂತ ಹೆಚ್ಚೇನೂ ಇಲ್ಲವೆಂಬ ತಮ್ಮ ತತ್ವ ಗಂಭೀರವಾದದ್ದು.

ಅಲ್ಲಿ ಅಜ್ಜಿ ತನ್ನ ಅಪ್ಪನನ್ನು ಕಂಡಳು. ಪಕ್ಕದಲ್ಲಿ ಅಮ್ಮನನ್ನು ಕಂಡಳು. ಕೆಳಗೆ ತನ್ನನ್ನೇ ಕಂಡಳು: ಪೂರ್ಣ ಹೆಸರು, ಕಸುಬು ಟೈಲರ್, ಹುಟ್ಟಿದ ವರ್ಷ, ಸತ್ತ ವರ್ಷ, ಅಕ್ಷರ ಬಹಳ ಮುದ್ದಾಗಿತ್ತು. ನಾನು ಲೋಟ ಕೆಳಗಿಟ್ಟು ಏನೋ ಹೇಳಲು ಹೊರಟೆ. ಆದರೆ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡುತ್ತಿದ್ದದ್ದು ತನ್ನ ಸಾವನ್ನಲ್ಲ, ಅದರ ಪಕ್ಕದ ಖಾಲಿ ಚೌಕವನ್ನು. ಅದರ ಮೇಲೆ ಬೆರಳಿಟ್ಟು, “ಇದ್ದಾನೆ ಕಣೇ” ಎಂದಳು. ಮಾನ್ಯರೇ, ಆ ಒಂದು ಚೌಕಕ್ಕಾಗಿ ತಮ್ಮ ಮಂಚ, ನಲ್ಲಿ, ಫ್ಯಾನು ಎಲ್ಲವನ್ನೂ ನಾನು ಅಲ್ಲೇ ಕ್ಷಮಿಸಿದೆ. ತಕರಾರು ಶುರುವಾಗುವುದು ಅದರ ನಂತರ.

ಅಜ್ಜಿ ತಮ್ಮ ಬಳಿ ಬಂದು, ಆ ಚೌಕದೊಳಗಿನವನ ವಿಳಾಸ ಬೇಕೆಂದು ವಿನಯದಿಂದಲೇ ಕೇಳಿದಳು. ಬದುಕಿರುವವರ ವಿಳಾಸವನ್ನು ಅವರ ಹತ್ತಿರದ ಸಂಬಂಧಿಕರಿಗೆ ಬಿಟ್ಟು ಬೇರೆಯವರಿಗೆ ಕೊಡುವಂತಿಲ್ಲ ಎಂದು ತಾವೂ ವಿನಯದಿಂದಲೇ ಹೇಳಿದಿರಿ. ನಾನು ಅವನ ಅಕ್ಕ ಎಂದಳು. ತಾವು ವಂಶವೃಕ್ಷದ ಪಟ ನೋಡಿ, ಅವನ ಅಕ್ಕ ತೀರಿಕೊಂಡಿದ್ದಾರೆ ಎಂದಿರಿ. ಅದನ್ನು ಹೇಳುವಾಗ ತಮ್ಮ ದನಿಯಲ್ಲಿ ಎಷ್ಟು ಸಂತಾಪವಿತ್ತೆಂದರೆ ಅಜ್ಜಿಯೇ ಒಂದು ಕ್ಷಣ ತಲೆ ತಗ್ಗಿಸಿದಳು.

ತಮ್ಮ ಕಟ್ಟಡಕ್ಕೆ ಕಪಾಟು ಮಾಡಲು ಬಂದಿದ್ದ ಬಡಗಿಯೇ ಈ ಮಾಹಿತಿ ಕೊಟ್ಟವನೆಂದೂ, ಒಡಹುಟ್ಟಿದವರ ಹೇಳಿಕೆ ಮೊದಲ ದರ್ಜೆಯ ಪುರಾವೆಯೆಂದೂ, ಜನ ತಮ್ಮ ಬಗ್ಗೆ ತಾವೇ ಸುಳ್ಳು ಹೇಳುವುದು ಹೆಚ್ಚಾದ್ದರಿಂದ ಸ್ವಂತ ಹೇಳಿಕೆ ಕೊನೆಯ ದರ್ಜೆಯದೆಂದೂ ತಾವು ಬಿಡಿಸಿ ಹೇಳಿದಿರಿ. ಅಜ್ಜಿ ಗುರುತಿನ ಚೀಟಿ ತೆಗೆದು ತೋರಿಸಿದಳು. ಅದು ಚೀಟಿ ಕೊಟ್ಟ ದಿನ ಆಕೆ ಬದುಕಿದ್ದರು ಎಂಬುದಕ್ಕೆ ಮಾತ್ರ ಪುರಾವೆಯೆಂದು ತಾವು ಅದನ್ನು ಎರಡೂ ಕೈಯಿಂದ ಹಿಂದಿರುಗಿಸಿದಿರಿ. ಕೊನೆಗೆ ಅಜ್ಜಿ ಕೇಳಿದಳು:

“ಹಾಗಾದ್ರೆ ಅವನು ಸತ್ತ ಮೇಲೆ ವಿಳಾಸ ಕೊಡ್ತೀರಾ ಸಾರ್?”

“ಖಂಡಿತ ಅಮ್ಮ. ಆಮೇಲೆ ಯಾವ ಅಡ್ಡಿಯೂ ಇಲ್ಲ. ಒಂದು ಪ್ರತೀನೂ ಮಾಡ್ಸಿ ಕೊಡ್ತೀನಿ.”

ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಯಾವ ಕಚೇರಿಯಲ್ಲೂ ಕೇಳಿಲ್ಲ. ಅಜ್ಜಿ ಬಂದು ಮಂಚದ ಮೇಲೆ ಕೂತು, ಚೀಲದಿಂದ ಯಾರದೋ ಅಂಗಿ ತೆಗೆದು ಗುಂಡಿ ಹೊಲಿಯತೊಡಗಿದಳು. ಅವಳಿಗೆ ಬೇಜಾರಾದಾಗಲೆಲ್ಲ ಬೇರೆಯವರ ಅಂಗಿಗಳು ಗಟ್ಟಿಯಾಗುತ್ತವೆ.

ಸುದ್ದಿ ಹಬ್ಬಿದ ಮೇಲೆ ಶಿಬಿರದಲ್ಲಿ ಅಜ್ಜಿಗೆ ಸಿಕ್ಕ ಮರ್ಯಾದೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಬದುಕಿದ್ದಾಗ ಮೂಲೆಯ ಕುರ್ಚಿಯಲ್ಲಿದ್ದವಳಿಗೆ, ಸತ್ತಿದ್ದಾಳೆಂದು ಗೊತ್ತಾದ ಕೂಡಲೇ ಊಟದ ಮೇಜಿನ ನಡುವೆ ಜಾಗ ಬಿಟ್ಟರು. ಒಬ್ಬ ದಂತವೈದ್ಯರು ತಮ್ಮ ಇಷ್ಟು ವರ್ಷದ ಸಂಶೋಧನೆಯಲ್ಲಿ ಮೃತರೊಬ್ಬರ ಜೊತೆ ನೇರವಾಗಿ ಮಾತಾಡುವ ಅವಕಾಶ ಸಿಕ್ಕಿದ್ದು ಇದೇ ಮೊದಲೆಂದು ಕೈ ಕುಲುಕಿದರು. ಸಾವಿಗೆ ಏನು ಕಾರಣವೆಂದು ಬರೆದುಕೊಳ್ಳಲಿ ಎಂದು ಅವರು ನಾಚುತ್ತಲೇ ಕೇಳಿದಾಗ, “ತಮ್ಮ ಅಂತ ಬರ್ಕೊಳ್ಳಿ” ಎಂದಳು ಅಜ್ಜಿ. ಅವರು ಬರೆದುಕೊಂಡರು.

ಸುಮ್ಮನಿರುವುದು ನನ್ನಿಂದಾಗದ ಕೆಲಸ. ಎರಡನೆಯ ದಿನ, ಬೇರೆಯವರೆಲ್ಲ ಗೋರಿಕಲ್ಲುಗಳ ಅಕ್ಷರ ಓದುವುದನ್ನು ಕಲಿಯುತ್ತಿದ್ದಾಗ, ನಾನು ಗೋಡೆಯ ಮೇಲಿನ ತಮ್ಮ ನಿಯಮಾವಳಿಯನ್ನು ಓದಿದೆ. ಯಾವುದೇ ನಮೂದಿಗೆ ಆಕ್ಷೇಪಣೆ ಬಂದಲ್ಲಿ ಮೂಲ ಮಾಹಿತಿದಾರರನ್ನು ಸಾಕ್ಷಿಗಳ ಸಮ್ಮುಖದಲ್ಲಿ ಮರುವಿಚಾರಿಸತಕ್ಕದ್ದು ಎಂದು ಅದರಲ್ಲಿತ್ತು. ಆಕ್ಷೇಪಣೆಯನ್ನು ಸತ್ತವರು ಸಲ್ಲಿಸುವಂತಿಲ್ಲ, ಉಳಿದ ಯಾರಾದರೂ ಸಲ್ಲಿಸಬಹುದು. ಉಳಿದವರಲ್ಲಿ ನಾನೂ ಒಬ್ಬಳಾದ್ದರಿಂದ, ‘ನನ್ನ ಅಜ್ಜಿಯ ಸಾವನ್ನು ನಾನು ಒಪ್ಪುವುದಿಲ್ಲ’ ಎಂದು ಒಂದೇ ಸಾಲು ಬರೆದು ತಮ್ಮ ಮೇಜಿನ ಮೇಲಿಟ್ಟೆ. ತಾವು ಅದನ್ನು ಓದಿ, ದಿನಾಂಕ ಹಾಕಿಲ್ಲವೆಂದು ವಾಪಸು ಕೊಟ್ಟು, ಹಾಕಿದ ಮೇಲೆ ಸ್ವೀಕರಿಸಿದಿರಿ. ಇಲ್ಲಿ ವ್ಯಂಗ್ಯವಿಲ್ಲ: ತಾವು ತಮ್ಮ ನಿಯಮಕ್ಕೆ ತಾವೇ ಮೊದಲು ತಲೆಬಾಗುವವರು, ಆ ಗುಣ ನನಗೆ ಇಷ್ಟವಾಯಿತು.

ಊಟದ ನಂತರ ತಮ್ಮ ಕಚೇರಿಯಲ್ಲಿ, ದಂತವೈದ್ಯರನ್ನೂ ನನ್ನನ್ನೂ ಸಾಕ್ಷಿಯಾಗಿ ಕೂರಿಸಿ, ಎಲ್ಲರಿಗೂ ಕೇಳುವಂತೆ ತಾವು ಬಡಗಿಗೆ ಫೋನು ಮಾಡಿದಿರಿ. ಮೃತರು ಸಾಕ್ಷಿಯಾಗುವಂತಿರಲಿಲ್ಲ; ಆದರೆ ಕುರ್ಚಿಯ ಮೇಲೆ ಕೂರಬಾರದೆಂದು ಎಲ್ಲೂ ಬರೆದಿರಲಿಲ್ಲವಾಗಿ ಅಜ್ಜಿ ಕೂತಿದ್ದಳು. ಆ ಕಡೆಯಿಂದ ಮರ ನುಣುಪು ಮಾಡುವ ಉಜ್ಜುಗೊರಡಿನ ಸದ್ದು ಕೇಳುತ್ತಿತ್ತು. ತಾವು ಕ್ರಮವಾಗಿ, ನಿಮ್ಮ ಅಕ್ಕ ತೀರಿಕೊಂಡಿದ್ದಾರೆಂದು ನೀವು ಕೊಟ್ಟ ಹೇಳಿಕೆಗೆ ಈಗಲೂ ಬದ್ಧರೇ ಎಂದು ಕೇಳಿದಿರಿ. ಸದ್ದು ನಿಂತಿತು.

“ಹೌದು ಸಾರ್” ಎಂದಿತು ಒಂದು ಮುದಿ ದನಿ. “ಬದುಕಿದ್ದಿದ್ರೆ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ನನ್ನ ಬೈಯೋಕೆ ಬರ್ತಿದ್ಲು.”

ತಾವು ‘ಹೇಳಿಕೆ ದೃಢಪಟ್ಟಿದೆ’ ಎಂದು ಬರೆದುಕೊಳ್ಳಲು ಪೆನ್ನು ತೆರೆದಿರಿ. ಅಷ್ಟರಲ್ಲಿ ಅಜ್ಜಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆಳೆದುಕೊಂಡು, ಫೋನಿನ ಮೇಲೆ ಬಗ್ಗಿದಳು.

“ಲೋ, ಒಂದು ಬಾಗಿಲು ಕೂರಿಸೋಕೆ ಬರದವ್ನು ನನ್ನ ಸಾಯ್ಸೋಕೆ ಹೊರಟಿದ್ಯಾ? ಎಲ್ಲಿದ್ದೀಯ ಹೇಳು. ಬಂದೇ ಬೈತೀನಿ.”

ಫೋನು ಕಡಿದುಹೋಯಿತೆಂದು ದಂತವೈದ್ಯರು ಅದರ ಕಡೆ ಬಾಗಿದರು. ಕಡಿದುಹೋಗಿರಲಿಲ್ಲ.

“ಬರ್ಕೋ ಅಕ್ಕ” ಎಂದಿತು ಆ ದನಿ.

ಜೀವಂತ ವ್ಯಕ್ತಿಯೊಬ್ಬನ ವಿಳಾಸ ತಮ್ಮ ಕಚೇರಿಯಲ್ಲಿ ಬಯಲಾಗುತ್ತಿದ್ದಾಗ, ಅದಕ್ಕೆ ತಾವು ಹೊಣೆಯಾಗಬಾರದೆಂದು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಿರಿ. ವಿಳಾಸ ಮುಗಿದು, ಬಸ್ಸಿನ ದಾರಿ ಮುಗಿದು, ಇಬ್ಬರಿಗೂ ಮಂಡಿ ನೋವಿರುವುದು ಗೊತ್ತಾಗಿ, ಯಾರದು ಹೆಚ್ಚಿನ ನೋವೆಂಬ ವಾದ ಶುರುವಾದ ಮೇಲೂ ತಾವು ತಿರುಗಲಿಲ್ಲ. ಗೋಡೆಯಲ್ಲಿ ಓದುವಂಥದ್ದೇನೂ ಇರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದಿರಿ ಎಂದು ದಂತವೈದ್ಯರು ಹೇಳುತ್ತಾರೆ. ಅವರದು ಯಾವ ದರ್ಜೆಯ ಪುರಾವೆಯೋ ನನಗೆ ಗೊತ್ತಿಲ್ಲ.

ಇಷ್ಟಾದ ಮೇಲೂ ಅಜ್ಜಿ ತಮ್ಮ ಪಟದಲ್ಲಿ ಸತ್ತೇ ಇದ್ದಾಳೆ. ತಿದ್ದುಪಡಿ ಸಮಿತಿ ಇನ್ನು ಆರು ತಿಂಗಳ ನಂತರವೇ ಸೇರುವುದೆಂದು ತಾವು ವಿಷಾದದಿಂದ ತಿಳಿಸಿದ್ದೀರಿ. ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ. ಸಮಿತಿ ಸೇರುವವರೆಗೆ ಅಜ್ಜಿ ಮಾತ್ರೆ ನುಂಗಬೇಕಾಗಿಲ್ಲವೆಂದು ನನ್ನಮ್ಮನಿಗೆ ತಮ್ಮ ಮೊಹರು ಹಾಕಿದ ಒಂದು ಪತ್ರ ಕಳಿಸಿಕೊಡಬೇಕು. ಸತ್ತವರಿಗೆ ಮಾತ್ರೆ ಯಾಕೆಂದು ಅಜ್ಜಿ ದಿನಾ ಜಗಳ ತೆಗೆಯುತ್ತಿದ್ದಾಳೆ. ಹೊಲಿಯಲು ಕೊಟ್ಟ ಬಟ್ಟೆ ಯಾವಾಗ ಎಂದು ಕೇಳುವವರನ್ನು ತಮ್ಮ ಕಚೇರಿಗೆ ಕಳಿಸಲು ಅನುಮತಿ ಕೊಡಬೇಕು. ಖಾಲಿ ಚೌಕಗಳ ಬಾಗಿಲಿಗೆ ಒಂದು ಕರೆಗಂಟೆಯಿಡಲು ಸಾಧ್ಯವೇ ಎಂದು ನೋಡಬೇಕು. ತಂತಿ ಎಳೆಯುವ ಕೆಲಸ ನಾನೇ ಮಾಡಿಕೊಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಪುರಾವೆಗಳ ಸಾಲಿನಲ್ಲಿ, ಒಡಹುಟ್ಟಿದವರ ಹೇಳಿಕೆಗಿಂತಲೂ ಮೇಲೆ, ಒಡಹುಟ್ಟಿದವರ ಬೈಗುಳವನ್ನು ಸೇರಿಸಬೇಕು. ಬೈಯುವವರು ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೈಸಿಕೊಳ್ಳಲು ಕಾಯುತ್ತಿದ್ದವರು ಇದ್ದರು ಎಂಬುದಕ್ಕೂ ಬೇಡ.

ಹೆಚ್ಚು ಬರೆದು ತಮ್ಮ ಹಿರಿಯರ ಸಮಯವನ್ನು ಹಾಳುಮಾಡಲಾರೆ.

ತಮ್ಮ ನಿಯಮದಂತೆ ಹೆಸರು ಬಹಿರಂಗಪಡಿಸಲಾಗದ,
ತಮ್ಮ ವಿಶ್ವಾಸಿ,
ಜೀವಂತ

ತಾ.ಕ.: ಈ ಪತ್ರ ಅಂಚೆಗೆ ಹಾಕುವ ಮೊದಲೇ ತಮ್ಮ ಹೊಸ ತೀರ್ಮಾನ ಬಂದು ತಲುಪಿತು. ಅಕ್ಕ ಬದುಕಿದ್ದಾಳೆಂದು ಬಡಗಿಯೇ ಖುದ್ದಾಗಿ ಬಂದು ತಮ್ಮ ಮುಂದೆ ಹೇಳಿದ್ದರಿಂದ, ಒಬ್ಬನೇ ಮಾಹಿತಿದಾರನಿಂದ ಎರಡು ವಿರುದ್ಧ ಹೇಳಿಕೆಗಳು ಬಂದಂತಾಗಿ, ಅವನು ಇದುವರೆಗೆ ಕೊಟ್ಟ ಮಾಹಿತಿಯನ್ನೆಲ್ಲ ಅಸಿಂಧುವೆಂದು ತೀರ್ಮಾನಿಸಿರುವಿರಂತೆ. ಅದರಲ್ಲಿ ಅವನ ಹುಟ್ಟೂ ಸೇರಿದೆ. ಅಜ್ಜಿಯ ಸಾವನ್ನು ಅಳಿಸಲು ಮಾತ್ರ ಸಮಿತಿಯೇ ಸೇರಬೇಕಂತೆ. ಹೀಗಾಗಿ ಸತ್ತುಹೋದ ಅಕ್ಕನೂ ಇನ್ನೂ ಹುಟ್ಟದ ತಮ್ಮನೂ ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲಿ ಎದುರುಬದುರು ಕೂತು, ಯಾರಿಗೆ ಹೆಚ್ಚು ಸಕ್ಕರೆ ಹಾಕಿದ ಚಹಾ ಬಂತೆಂದು ಕಿತ್ತಾಡುತ್ತಿದ್ದಾರೆ. ಬಿಡುವಾದಾಗ ತಾವೇ ಬಂದು ಬಿಡಿಸಬೇಕು. ಮುತ್ತಜ್ಜನ ಹೆಸರು ಹೇಳದಿದ್ದರೂ ನಮ್ಮ ಮನೆಯಲ್ಲಿ ಒಳಗೆ ಬಿಡುತ್ತೇವೆ.