ವೀರ, ವೈದ್ಯ ಮತ್ತು ದೇವಕಮ್ಮನ ತೊಗರಿ

ಒಬ್ಬ ಮನುಷ್ಯ ಒಂದೇ ಕೆಲಸ ಮಾಡಬೇಕು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಈಶಪ್ಪ ಮಾಸ್ತರ. ನಾಲ್ಕನೆಯ ಮತ್ತು ಐದನೆಯ ಕ್ಲಾಸುಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಪಾಠ ಹೇಳುವವನು. ಈ ಗೋಡೆಗೆ ಭಾಗಾಕಾರ, ಆ ಗೋಡೆಗೆ ಪದ್ಯ, ನಡುವೆ ನಾನು. ನಾಲ್ಕನೆಯವರ ಕಡೆ ತಿರುಗಿದಾಗ ಐದನೆಯವರು ಹೊಡೆದಾಡುತ್ತಾರೆ, ನಿಜ. ಹೊಡೆದಾಡುವವರು ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿದರೂ ಹೊಡೆದಾಡುತ್ತಾರೆ!

ಇಂಥವನನ್ನು ಮೊಬೈಲಿನ ಆಟವೊಂದು "ಎರಡನೆಯ ಕ್ಲಾಸ್ ಸೇರಿಸಿಕೊಳ್ಳುವಿರಾ?" ಎಂದು ಕೇಳಿದರೆ ಬಿಡುತ್ತಾನೆಯೇ? ಅದೊಂದು ಮಾಯಾಲೋಕದ ಆಟ. ಬೇರೆ ಬೇರೆ ಊರಿನಲ್ಲಿ ಕೂತವರು ಫೋನಿನಲ್ಲೇ ದಂಡು ಕಟ್ಟಿಕೊಂಡು, ಒಬ್ಬರ ದನಿ ಒಬ್ಬರು ಕೇಳುತ್ತ ರಾಕ್ಷಸರ ಮೇಲೆ ಏರಿ ಹೋಗುತ್ತಾರೆ. ಅಲ್ಲಿ ಕ್ಲಾಸ್ ಎಂದರೆ ಕಸುಬು. ವೀರನಾದವನು ಮುಂದೆ ನಿಂತು ಏಟು ತಿನ್ನಬೇಕು. ವೈದ್ಯನಾದವನು ಹಿಂದೆ ನಿಂತು ಏಟು ತಿಂದವರನ್ನು ಬದುಕಿಸಬೇಕು. ಅಲ್ಲಿಯವರೆಗೆ ಬರಿಯ ವೀರನಾಗಿದ್ದ ನಾನು ಅಂದಿನಿಂದ ವೈದ್ಯನೂ ಆದೆ. ಏಟೂ ನನ್ನದೇ, ಮುಲಾಮೂ ನನ್ನದೇ!

ನಮ್ಮ ದಂಡಿನ ನಾಯಕ ಅಮೀನುದ್ದೀನ, ರಂಗಂಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಸುದ್ದಿ ಕೇಳಿ ತಲೆಗೆ ಕೈ ಹಚ್ಚಿಕೊಂಡ.

"ಸರ್, ಎರಡೂ ಕಲಸಬ್ಯಾಡ್ರಿ. ತಾಕತ್ತು ಅರ್ಧಾ ಅರ್ಧಾ ಆಗ್ತದ. ಕೊಡ್ಲಿ ಹೋಗಿ ಈಳಿಗಿ ಆಗ್ತದ, ದವಾ ಹೋಗಿ ಶರಬತ್ತು ಆಗ್ತದ."

"ನಾ ದಿನಾ ಎರಡು ಕ್ಲಾಸ್ ನಡಸಾಂವ ಅದೀನಿ, ಅಮೀನುದ್ದೀನ."

"ಅಲ್ಲಿ ಹುಡುಗ್ರು ಅದಾರ್ರಿ ಸರ್. ಇಲ್ಲಿ ಬೆಂಕಿ ಉಗುಳೋ ಹಾವು ಅದ."

ಆ ಹಾವಿನ ಮೇಲೆ ದಾಳಿ ಭಾನುವಾರ ಮಧ್ಯಾಹ್ನ ಎಂದು ನಿಶ್ಚಯವಾಯಿತು. ಅದೇ ಭಾನುವಾರ ಮಧ್ಯಾಹ್ನ ದೇವಾಪುರದ ನಮ್ಮ ಹೊಲಕ್ಕೆ ಕಾಲುವೆಯ ನೀರಿನ ಪಾಳಿಯೂ ಬಂತು. ನನ್ನ ಹೆಂಡತಿ ದೇವಕಮ್ಮನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವುದೂ ಅದೇ ದಿನ, ಶಹಾಪುರದಲ್ಲಿ.

ಹೊಲದ ಕಥೆ ಸ್ವಲ್ಪ ಹೇಳಬೇಕು. ಮೇಲಿನ ಮಡಿಯಲ್ಲಿ ಭತ್ತ, ಕೆಳಗಿನದರಲ್ಲಿ ತೊಗರಿ. ಕಾಲುವೆ ಬಂದ ಮೇಲೆ ಸುತ್ತಲಿನವರೆಲ್ಲ ಇದ್ದಬದ್ದ ನೆಲವನ್ನೆಲ್ಲ ಗದ್ದೆ ಮಾಡಿದರೂ ದೇವಕಮ್ಮ ಆ ಕೆಳಗಿನ ತುಂಡನ್ನು ಬಿಟ್ಟುಕೊಡಲಿಲ್ಲ. ನಮ್ಮ ಮನೆಯ ವರ್ಷದ ಬೇಳೆ ಅಲ್ಲಿಂದಲೇ ಬರಬೇಕು. ಅಂಗಡಿಯ ಬೇಳೆ ತರುವುದೆಂದರೆ ಅವಳಿಗೆ ಮಾನ ಹೋದಷ್ಟು ಸಂಕಟ. ಬಿತ್ತಿದವಳು ಅವಳು, ಕಳೆ ಕಿತ್ತವಳು ಅವಳು. ಅಂದು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ ಹೇಳಿದಳು.

"ಗದ್ದಿ ತುಂಬಿದ ಕೂಡ್ಲೆ ಕಾಲುವಿ ಬಾಯಿ ಮುಚ್ಚಿ ಅಂಬ್ರಪ್ಪಗ ಹೇಳ್ರಿ, ಮುಂದಿನ ಪಾಳಿ ಅವಂದು. ತೊಗರಿಗೆ ನೀರು ಇಳಿಯೋ ಬಾಯಿಗೆ ಕಲ್ಲು ಮಣ್ಣು ಇಟ್ಟು ಬಿಗದೀನಿ. ಅದನ್ನ ಮುಟ್ಟಬ್ಯಾಡ್ರಿ. ನೀರು ನಿಂತ್ರ ಬೇರು ಕೊಳೀತಾವ."

"ಮಾಸ್ತರಗ ಪಾಠ ಹೇಳ್ತಿಯೇನು?"

"ನಾಕನೇ ಕ್ಲಾಸಿನವ್ರಿಗೂ ತಿಳಿಯೋವಂಗ ಹೇಳೀನಿ. ಮುಟ್ಟಬ್ಯಾಡ್ರಿ."

ಅವಳು ಹೋದಳು. ಮಧ್ಯಾಹ್ನ ಗದ್ದೆಗೆ ನೀರು ಬಂತು. ಗದ್ದೆ ತುಂಬುವುದನ್ನು ಕಾಯುತ್ತ ನಿಂತರೆ ಹಾವನ್ನು ಕೊಲ್ಲುವವರು ಯಾರು? ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ತೊಗರಿಯ ಬಾಯಿಯನ್ನು ಒಂದಿಷ್ಟು ಸಡಿಲಿಸಿದರೆ ಗದ್ದೆಯಲ್ಲಿ ಹೆಚ್ಚಾದ ನೀರು ತಾನಾಗಿಯೇ ಕೆಳಗೆ ಇಳಿಯುತ್ತದೆ. ಕಾಯುವ ಕೆಲಸವೇ ಇಲ್ಲ. ಭತ್ತವೂ ಕುಡಿಯಿತು, ತೊಗರಿಯೂ ನಾಲಿಗೆ ಒದ್ದೆ ಮಾಡಿಕೊಂಡಿತು. ಎರಡು ಕ್ಲಾಸು, ಒಬ್ಬನೇ ಮಾಸ್ತರ! ಕಲ್ಲು ಸರಿಸಿದೆ.

ಪಕ್ಕದ ಹೊಲದ ಅಂಬ್ರಪ್ಪ ಅಲ್ಲೇ ನಿಂತು ನೋಡುತ್ತಿದ್ದ. "ಅಕ್ಕಾಗ ಕೇಳೀರೇನ್ರಿ?" ಎಂದ.

"ಹೊಲದ ಯಜಮಾನ ನಾನೋ ಅಕಿಯೋ?"

ಅವನು ಜೇಬಿನಿಂದ ಫೋನು ತೆಗೆದು ಆ ಕಡೆ ನಡೆದ. ಯಾರಿಗೆ ಮಾಡಿದನೆಂದು ಆಗ ನನಗೆ ತಿಳಿಯಲಿಲ್ಲ.

ಬೇವಿನ ಗಿಡದ ಬುಡದಲ್ಲಿ ಚಪ್ಪಲಿ ಬಿಟ್ಟು ಕೂತು ಯುದ್ಧ ಶುರು ಮಾಡಿದೆ. ಮುಂದೆ ನುಗ್ಗಿ ಹಾವಿಗೆ ಕೊಡಲಿ ಬೀಸಿದೆ. ಹಿಂದೆ ಒಬ್ಬ ಬಿದ್ದ. ಅವನನ್ನು ಬದುಕಿಸಲು ಹಿಂದೆ ಓಡಿದೆ. ಮುಂದೆ ತಡೆಯುವವರಿಲ್ಲದೆ ಹಾವು ದಂಡಿನೊಳಗೇ ಹೊಕ್ಕಿತು. ಮತ್ತೆ ಮುಂದೆ ಓಡಿದೆ. ದಾರಿಯಲ್ಲಿ ನಾನೇ ಸತ್ತೆ.

"ವೈದ್ಯರು ಎಲ್ಲಿ ಹೋದ್ರಿ ಸರ್?" ಎಂದು ಫೋನಿನೊಳಗಿಂದ ಅಮೀನುದ್ದೀನ ಕೂಗಿದ.

"ಸತ್ತೀನಿ, ಜರಾ ತಡಿ."

ಮತ್ತೆ ಹುಟ್ಟಿ ಬರುವಷ್ಟರಲ್ಲಿ ಕೂತಲ್ಲಿ ತಂಪಾಯಿತು. ನೋಡಿದರೆ ನನ್ನ ಚಪ್ಪಲಿಗಳು ಒಂದರ ಹಿಂದೊಂದು ತೊಗರಿಯ ಕಡೆ ತೇಲಿ ಹೋಗುತ್ತಿದ್ದವು. ನಾನು ಸಡಿಲಿಸಿದ ಬಾಯಿಯನ್ನು ನೀರು ಹರಿದು ಬಾಗಿಲಷ್ಟು ಅಗಲ ಮಾಡಿತ್ತು. ತೊಗರಿಯ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು. ಆ ಕ್ಷಣ ನನಗೆ ನಿಜವಾಗಿ ಹೆದರಿಕೆಯಾಯಿತು, ಹಾವಿಗಲ್ಲ.

ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಮಣ್ಣು ಒಟ್ಟಿದೆ. ಹಾಕಿದ ಮಣ್ಣೆಲ್ಲ ಹರಿದುಹೋಯಿತು. ಆದರೆ ಸೋಲುವವನು ನಾನಲ್ಲ. ಒಡೆದ ಬಾಯಿಯಲ್ಲಿ ನಾನೇ ಹೋಗಿ ಕೂತುಬಿಟ್ಟೆ. ನನ್ನ ಗಾತ್ರ ಅಲ್ಲಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ನೀರು ನಿಂತಿತು. ಅಷ್ಟೇ ಅಲ್ಲ, ಯುದ್ಧಕ್ಕೆ ಎರಡೂ ಕೈ ಖಾಲಿಯಾದವು!

ಹೀಗೆ ಎದೆಮಟ್ಟ ನೀರಿನಲ್ಲಿ ಕೂತು ಗಾಯಾಳುಗಳಿಗೆ ಮದ್ದು ಹಚ್ಚುತ್ತಿದ್ದಾಗ ಬೆನ್ನ ಹಿಂದೆ ದನಿ ಕೇಳಿತು.

"ಎಮ್ಮಿ ಹಂಗ ನೀರಾಗ ಯಾಕ ಕುಂತೀರಿ?"

ದೇವಕಮ್ಮ! ಅಂಬ್ರಪ್ಪನ ಫೋನು ಸಿಕ್ಕಿದ್ದೇ ತಡ, ತೊಟ್ಟಿಲು ತೂಗಿ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದಳು.

"ನಿನ್ನ ತೊಗರಿ ಉಳಸಾಕತ್ತೀನಿ," ಎಂದೆ.

"ಕೈಯಾಗ ಏನದು?"

"ಇದು ಬ್ಯಾರೇದವರನ್ನ ಉಳಸಾಕ."

ಅವಳು ತೊಗರಿಯ ಕಡೆ ನೋಡಿದಳು. ಮುಖ ಸಣ್ಣದಾಯಿತು. ಬೈದಿದ್ದರೆ ನಾನು ತಿರುಗಿ ಮಾತಾಡುತ್ತಿದ್ದೆ. ಬೈಯದೆ ಸೆರಗು ಸಿಕ್ಕಿಸಿ ಸಲಿಕೆ ಎತ್ತಿಕೊಂಡಳು. "ಅಂಬ್ರಪ್ಪಾ, ನೀ ಮ್ಯಾಲಿನ ತೂಬು ಮುಚ್ಚು. ನಾ ಕೆಳಗಿನ ವಡ್ಡು ಕಡಿತೀನಿ." ಆಮೇಲೆ ನನ್ನ ಕಡೆ ತಿರುಗಿ, ಕೇರಿಗೆಲ್ಲ ಕೇಳುವ ದನಿಯಲ್ಲಿ ಅಂದಳು: "ನೀವು ಕುಂತ ಜಾಗಾ ಬಿಟ್ಟು ಕದಲಿದ್ರ ಕಾಲು ಮುರೀತೀನಿ."

ಕದಲಲಿಲ್ಲ. ಕಳೆದುಕೊಳ್ಳಲು ನನಗೆ ಇದ್ದದ್ದು ಎರಡೇ ಕಾಲು. ಅವಳು ವಡ್ಡು ಕಡಿದು ನೀರನ್ನೆಲ್ಲ ಹಳ್ಳಕ್ಕೆ ಇಳಿಸುವಷ್ಟರಲ್ಲಿ ಹೊತ್ತು ಮುಳುಗಲು ಬಂದಿತ್ತು. ಫೋನಿನ ಕಡೆ ನಾನು ನೋಡಿರಲೇ ಇಲ್ಲ. ಅದರೊಳಗಿಂದ ಅಮೀನುದ್ದೀನ ಮೆಲ್ಲಗೆ ಕರೆದ.

"ಸರ್, ಹಾವು ಸತ್ತದ."

"ಹೆಂಗ? ನಾನೇ ಇರಲಿಲ್ಲಲ್ಲ."

"ಅಕ್ಕಾರು ಬೈದದ್ದು ನಿಮಗೇ ಅಂತ ಮಾಲೂಮ್ ಇತ್ರಿ. ಆದ್ರೂ ಆ ದನಿ ಕೇಳಿದ ಮ್ಯಾಲ ನಮ್ಮಾಗ ಒಬ್ರೂ ಜಾಗಾ ಬಿಟ್ಟು ಕದಲಲಿಲ್ಲ. ಮುಂದಿನವ್ರು ಮುಂದ, ಹಿಂದಿನವ್ರು ಹಿಂದ. ನೀವು ನಡುವ ಓಡ್ಯಾಡಲಿಲ್ಲ ನೋಡ್ರಿ, ಬರೋಬರ್ ಆತು."

ಇದನ್ನು ನಾನು ಸೋಲೆಂದು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಕೆಲವು ದಿನಗಳ ಮೇಲೆ ತಗ್ಗಿನ ಸಾಲುಗಳೆಲ್ಲ ಹಳದಿಯಾಗಿ ಒಣಗಿದವು. ಏರಿನ ಸಾಲುಗಳು ಹಸಿರಾಗಿಯೇ ನಿಂತವು. ದೇವಕಮ್ಮ ಒಣಗಿದ್ದನ್ನು ಕಿತ್ತು ಬದುವಿಗೆ ಹಾಕುತ್ತಿದ್ದಳು. ನಾನು ಎದೆ ಸೆಟೆಸಿ ನಿಂತೆ.

"ಅರ್ಧ ಉಳೀತಲ್ಲ, ಅದು ನನ್ನೊಳಗಿನ ವೈದ್ಯನ ಕೆಲಸ."

"ಅರ್ಧ ಸತ್ತದ್ದೂ ಅವನ ಕೈಯಾಗ," ಎಂದಳು, ತಲೆ ಎತ್ತದೆ.

ಚಳಿಗಾಲದಲ್ಲಿ ರಾಶಿಯಾಯಿತು. ಪ್ರತಿ ವರ್ಷ ಕಂಠಮಟ್ಟ ತುಂಬುತ್ತಿದ್ದ ಬೇಳೆಯ ಗಡಿಗೆ ಅರ್ಧಕ್ಕೇ ನಿಂತಿತು. ಅದನ್ನು ಅವಳು ಎರಡು ಸಲ ಅಲ್ಲಾಡಿಸಿ ನೋಡಿದಳು. ನನಗೆ ನೋಡಲಾಗಲಿಲ್ಲ. ಅಂಗಡಿಯಿಂದ ತರುತ್ತೇನೆ ಎನ್ನುವ ಧೈರ್ಯವೂ ಆಗಲಿಲ್ಲ.

ಹೊಸ ಬೇಳೆ ಬೇಯಿಸಿದ ಮೊದಲ ದಿನ ಮನೆಯೆಲ್ಲ ಘಮ್ಮೆಂದಿತು. ಬಿಸಿ ರೊಟ್ಟಿ ಹಾಕಿಸಿಕೊಂಡು ಕೂತೆ. ದೇವಕಮ್ಮ ಬೇಳೆಯ ಸೌಟು ಹಿಡಿದು ನನ್ನ ತಟ್ಟೆಯ ಮೇಲೆ ತಂದು, ಅಲ್ಲಿಯೇ ನಿಲ್ಲಿಸಿದಳು.

"ತೊಗರಿ ಅರ್ಧ ಉಳೀತು, ಬ್ಯಾಳಿನೂ ಅರ್ಧ ಬಂತು. ನಿಮ್ಮೊಳಗ ಇಬ್ರು ಅದಾರಂತೀರಿ, ಇದು ಒಬ್ಬಾಂವಗಷ್ಟ ಸಾಕಾಗ್ತದ. ಯಾರಿಗೆ ಹಾಕಲಿ? ನೀವ್ ನೀವ ಮಾತಾಡ್ಕೊಂಡು ಹೇಳ್ರಿ."

ವೀರ ಬಾಯಿ ಬಿಡಲಿಲ್ಲ. ವೈದ್ಯ ಮೊದಲೇ ತಲೆ ತಗ್ಗಿಸಿ ಕೂತಿದ್ದ. ರೊಟ್ಟಿ ಆರುತ್ತಿತ್ತು.

"ಆ ಇಬ್ರಿಗೂ ಬ್ಯಾಡ," ಎಂದೆ. "ನಿನ್ನ ಗಂಡಗ ಹಾಕು."