ಮೊಮ್ಮಗಳ ಅಂಗಾಲು, ಬಜ್ಜಿ ಗಾಡಿಯ ಹಿಟ್ಟು

ಏನಾಗಿರಬಹುದು, ಊಹಿಸಿ ನೋಡೋಣ. ಅಂತಾರಾಷ್ಟ್ರೀಯ ಅಕ್ರೋಬ್ಯಾಟಿಕ್ ಜಿಮ್ನಾಸ್ಟಿಕ್ಸ್ ಸ್ಪರ್ಧೆ. ಎಲ್ಲೆಲ್ಲಿಯ ದೇಶದ ಮಕ್ಕಳೋ ಬಂದಿದ್ದಾರೆ. ಇನ್ನು ಮುಕ್ಕಾಲು ಗಂಟೆಗೆ ನನ್ನ ಹತ್ತು ವರ್ಷದ ಮೊಮ್ಮಗಳು ಇನ್ನೊಬ್ಬ ಹುಡುಗಿಯ ಅಂಗೈ ಮೇಲೆ ಒಂಟಿಕಾಲಲ್ಲಿ ನಿಲ್ಲಬೇಕು. ಅಂಥ ಹೊತ್ತಿನಲ್ಲಿ ನಾನು ರಸ್ತೆಯಲ್ಲಿ, ಬಜ್ಜಿ ಗಾಡಿಯ ಮುಂದೆ ನಿಂತಿದ್ದೆ. ಹಸಿವು ಅಂದಿರಾ? ಅಲ್ಲ. ರಿಟೈರ್ ಆದಮೇಲೆ ಬಾಳಿನಲ್ಲಿ ಏನೂ ಆಗೋದಿಲ್ಲ ಅಂತಾರೆ. ನನಗೆ ಮಾತ್ರ ಆಗಬೇಕಾದ್ದೆಲ್ಲ ಆಮೇಲೇ ಆಗ್ತಾ ಇದೆ. ಕೇಳಿ.

ಬಿದ್ದರೆ?

ಈ ಆಟದಲ್ಲಿ ಮೂವರು ಹುಡುಗಿಯರದ್ದು ಒಂದು ತಂಡ. ಕೆಳಗಿನವಳು ಹೊರಬೇಕು, ನಡುವಿನವಳು ಆತುಕೊಳ್ಳಬೇಕು, ಮೇಲಿನವಳು ಬೀಳದೆ ನಗುತ್ತಿರಬೇಕು. ನಮ್ಮವಳು ಮೇಲಿನವಳು. ಮಗಳಿಗೆ ಆಫೀಸು ಇರುವುದರಿಂದ ಜೆ.ಪಿ. ನಗರದ ಹಾಲ್‌ಗೆ ಅಭ್ಯಾಸಕ್ಕೆ ಬಿಟ್ಟು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಕೂಸು ಆಳೆತ್ತರದಲ್ಲಿ ನಿಂತದ್ದು ನೋಡಿದೆ. ಕೋಚ್ ಹತ್ತಿರ ಹೋದೆ.

"ಅಲ್ಲಪ್ಪ, ಬಿದ್ದರೆ?"

"ಬೀಳಲ್ಲ ಸಾರ್. ಹಿಡೀತಾರೆ."

"ಹಿಡೀದೆ ಇದ್ರೆ?"

"ನಾನಿದೀನಿ."

"ನಿಮ್ಮ ಗಮನ ಆಗ ಬೇರೆ ಕಡೆ ಇದ್ರೆ?"

ಕೋಚ್ ಶಿಳ್ಳೆ ಬಾಯಿಂದ ತೆಗೆದು ಕೇಳಿದರು. "ಸಾರ್, ನೀವು ಯಾವ ಕೆಲಸದಲ್ಲಿ ಇದ್ರಿ?"

"ವಿಮೆ ಆಫೀಸಲ್ಲಿ. ಮೂವತ್ತನಾಲ್ಕು ವರ್ಷ."

"ಹಾಗನ್ನಿ," ಅಂದವರೇ ಶಿಳ್ಳೆ ಊದಿಕೊಂಡು ಹೊರಟುಹೋದರು.

ಎರಡು ಡಬ್ಬ

ಕೆಳಗಿನವಳು ಹದಿನಾರರ ಗಟ್ಟಿ ಹುಡುಗಿ. ಅವಳ ಮನೆಯವರು ಧಾರವಾಡ ಕಡೆಯವರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇದ್ದಾರೆ. ನನಗೆ ಮೇಲಿನವಳು ಬೀಳುವ ಚಿಂತೆಯಾದರೆ, ಆ ತಾಯಿಗೆ ಕೆಳಗಿನವಳ ಸೊಂಟದ ಚಿಂತೆ. ಒಂದು ಸಂಜೆ ನನ್ನ ಹೆಂಡತಿಯನ್ನು ಕೇಳಿಯೇಬಿಟ್ಟರು.

"ಆಂಟಿ, ನಿಮ್ಮ ಮೊಮ್ಮಗಳಿಗೆ ಏನ್ ತಿನ್ನಸ್ತೀರಿ? ಈ ತಿಂಗಳ ಭಾಳ ಬೆಳದಾಳ್ರಿ."

"ಬೆಳೆಯೋ ಮಗು ಬೆಳೀದೆ ಇನ್ನೇನಮ್ಮ ಮಾಡುತ್ತೆ?"

"ಬೆಳೀಲಿ ಬಿಡ್ರಿ. ಆದ್ರ ಹೊರಾಕಿ ನನ್ನ ಮಗಳು ನೋಡ್ರಿ."

ನನ್ನಾಕೆ ಮನೆಗೆ ಬಂದವಳೇ ರಾಗಿ ಉಂಡೆ ಕಟ್ಟಿದಳು. "ಇದನ್ನ ಆ ಹುಡುಗಿಗೆ ಕೊಡಿ. ಅವಳು ಗಟ್ಟಿಯಾಗಲಿ, ನಮ್ಮವಳು ಹಸಿದಿರೋದು ಬೇಡ." ಮಾರನೆಯ ದಿನ ಅದೇ ಡಬ್ಬದಲ್ಲಿ ಶೇಂಗಾ ಹೋಳಿಗೆ ವಾಪಸ್ ಬಂತು. "ಸಣ್ಣಾಕಿಗೆ ಕೊಡ್ರಿ, ಉಪವಾಸ ಕೆಡವಿದ್ರು ಅನ್ನಬಾರದು." ಹೀಗೇ ಮೂರು ತಿಂಗಳು ನಡೀತು. ಡಬ್ಬಗಳು ಓಡಾಡಿದ್ದು ನನ್ನ ಸ್ಕೂಟರಿನಲ್ಲಿ, ದಾರಿಯುದ್ದಕ್ಕೂ ಸಿಗ್ನಲ್ಲುಗಳು. ಕೊನೆಗೆ ತೂಕ ಏರಿದ್ದು ನನ್ನೊಬ್ಬನದೇ.

ಕ್ಯಾಲೆಂಡರ್

ಸ್ಪರ್ಧೆ ಹತ್ತಿರ ಬಂದಹಾಗೆ ನನಗೆ ಎಲ್ಲೂ ಕೂರಲಾಗುತ್ತಿರಲಿಲ್ಲ. ಜಯನಗರದ ನಮ್ಮ ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಬೆಳಿಗ್ಗೆ ಎದ್ದು ಹಾಳೆ ಹರಿಯುವುದು ನನ್ನ ಹಕ್ಕು. ಸ್ಪರ್ಧೆಯ ಹಿಂದಿನ ದಿನ, ಶನಿವಾರ, ಮೊಮ್ಮಗಳು ನಮ್ಮಲ್ಲೇ ಬಂದು ಉಳಿದಳು. ಆ ದಿನ ಹೇಗಾದರೂ ಮುಗಿದರೆ ಸಾಕು ಅನ್ನಿಸಿ ಸಂಜೆ ಆರಕ್ಕೇ ಹಾಳೆ ಹರಿದೆ.

"ಹಾಳೆ ಹರಿದ್ರೆ ಸೂರ್ಯ ಮುಳುಗಲ್ಲ ಕಣ್ರೀ," ಅಂದಳು ನನ್ನಾಕೆ.

ಭಾನುವಾರ ನಸುಕಿನಲ್ಲಿ ಎದ್ದೆ, ಕಾಫಿ ಕಾಸಿದೆ, ಸೋಸುವುದನ್ನು ಮರೆತು ಕುಡಿದೆ. ಆತಂಕ ಅಂದರೆ ಅದು.

ಎಣ್ಣೆ

ನನ್ನಾಕೆ ಎದ್ದು ಬಂದು ಗೋಡೆ ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ, ಇವತ್ತು ನರಕ ಚತುರ್ದಶಿ ಕಣ್ರೀ. ಈ ಗಲಾಟೇಲಿ ನೆನ್ನೆ ಹಂಡೆ ತೊಳೆದು ನೀರು ತುಂಬಿ ಪೂಜೆ ಮಾಡೋದನ್ನೂ ಮರ್ತೆ."

ಆ ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ ಆಗದಿದ್ದರೆ ನಮ್ಮಲ್ಲಿ ಹೊಸಿಲು ದಾಟುವ ಹಾಗಿಲ್ಲ. ಕೂಸನ್ನು ಎಬ್ಬಿಸಿ ಮಣೆ ಮೇಲೆ ಕೂರಿಸಿ ನೆತ್ತಿಯಿಂದ ಹರಳೆಣ್ಣೆ ತಿಕ್ಕಿದಳು.

"ಅಜ್ಜಿ, ಕಾಲಿಗೆ ಬೇಡ."

"ಕಾಲ ಮೇಲೆ ತಾನೇ ನೀನು ನಿಲ್ಲೋದು? ಅಲ್ಲಿಗೇ ಎರಡು ಚಮಚ ಜಾಸ್ತಿ."

ಕೂದಲಿಗೆ ಸೀಗೆಪುಡಿ ಹಾಕಿ ನೀರು ಹೊಯ್ಯುವಷ್ಟರಲ್ಲಿ ಕ್ಯಾಬ್ ಬಂತು. ಅಂಗಾಲನ್ನು ಟವೆಲಿನಿಂದ ಒರೆಸಿ ಹೊರಟೆವು. ಪಟಾಕಿ ಸದ್ದಿಲ್ಲದ ರಸ್ತೆ ನೋಡಿ ನಾನೇ ಹೇಳಿದೆ, "ಜನ ಸುಧಾರಿಸಿದ್ದಾರೆ."

ಹಿಟ್ಟು

ಸ್ಪರ್ಧೆ ನಡೆಯುವ ಬನಶಂಕರಿ ಕಡೆಯ ಒಳಾಂಗಣ ಕ್ರೀಡಾಂಗಣದಲ್ಲಿ ಮಗಳು, ಅಳಿಯ ಸೀಟು ಹಿಡಿದು ಕೂತಿದ್ದರು. ಅತ್ತ ಅಭ್ಯಾಸದ ಮ್ಯಾಟಿನ ಮೇಲೆ ಕೆಳಗಿನವಳು ನಮ್ಮವಳ ಪಾದ ಹಿಡಿದು ಎತ್ತಿದಳು. ಪಾದ ಕೈಯಿಂದ ಸೋಪಿನ ಹಾಗೆ ಜಾರಿತು. ಕೋಚ್ ಗಾಳಿಯಲ್ಲೇ ಹಿಡಿದರು. ನನ್ನ ಪ್ರಾಣ ಅಲ್ಲಿಗೆ ಹೋಗಿ ವಾಪಸ್ ಬಂತು.

"ಸರ್, ಇಕಿ ಕಾಲು ಜಾರಾಕತ್ತಾವ್ರಿ," ಅಂದಳು ಕೆಳಗಿನವಳು. ಕೋಚ್ ತಮ್ಮ ಅಂಗೈ ಮೂಸಿದರು. ಆಮೇಲೆ ನನ್ನ ಹೆಂಡತಿಯನ್ನು ನೋಡಿದರು.

ಆಟದವರು ಕೈಗೆ ಹಚ್ಚುವ ಬಿಳಿ ಪುಡಿ ಹಾಕಿದರೆ ಎಣ್ಣೆ ಜೊತೆ ಸೇರಿ ಕೆಸರಾಯಿತು. ವಾಶ್‌ರೂಮಿನಲ್ಲಿ ಸೋಪು ಖಾಲಿ. ಧಾರವಾಡದ ತಾಯಿ ತೀರ್ಪು ಕೊಟ್ಟರು. "ಹರಳೆಣ್ಣಿ ಕಡ್ಲಿ ಹಿಟ್ಟಿಗೆ ಅಷ್ಟ ಹೋಗತೈತ್ರಿ. ಅಂಕಲ್, ಓಡ್ರಿ."

ಓಡಿದೆ. ರಸ್ತೆಯಲ್ಲಿ ಇದ್ದದ್ದು ಅದೊಂದೇ ಬಜ್ಜಿ ಗಾಡಿ.

"ಎರಡು ನಿಮಿಷ ಅಂಕಲ್, ಎಣ್ಣೆ ಕಾಯ್ಲಿ."

"ಎಣ್ಣೆ ಬೇಡಪ್ಪ, ಎಣ್ಣೆ ಆಗಿದೆ. ಬರೀ ಹಿಟ್ಟು ಕೊಡು."

ಅವನು ನನ್ನನ್ನು ಮೇಲೆ ಕೆಳಗೆ ನೋಡಿ, ಒಣ ಹಿಟ್ಟಿನ ಪೊಟ್ಟಣ ಕಟ್ಟಿದ. ಬಾಗಿಲಲ್ಲಿ ಸೆಕ್ಯೂರಿಟಿ ತಡೆದ. "ತಿಂಡಿ ಒಳಗೆ ಬಿಡಲ್ಲ ಸಾರ್."

"ತಿನ್ನೋಕಲ್ಲಪ್ಪ, ಕಾಲಿಗೆ." ಅವನು ಪಕ್ಕಕ್ಕೆ ಸರಿದು ನಿಂತ.

ವಾಶ್‌ರೂಮಿನಲ್ಲಿ ಇಬ್ಬರು ಹೆಂಗಸರೂ ಒಂದೊಂದು ಪಾದ ಹಂಚಿಕೊಂಡು ತಿಕ್ಕಿದರಂತೆ. "ಇವತ್ಯಾಕ್ರಿ ಆಂಟಿ ಎಣ್ಣಿ?" ಅಂತ ಅವರು ಕೇಳಿದ್ದಕ್ಕೆ ನನ್ನಾಕೆ, "ಇವತ್ತಲ್ಲದೆ ಇನ್ಯಾವತ್ತಮ್ಮ?" ಅಂದಳಂತೆ.

ತಂಡದ ಸರದಿ ಬಂತು. ಕೆಳಗಿನವಳು ಎತ್ತಿದಳು, ನಡುವಿನವಳು ಆತುಕೊಂಡಳು, ನಮ್ಮವಳು ಅಂಗೈ ಮೇಲೆ ಒಂಟಿಕಾಲಲ್ಲಿ ನಿಂತಳು. ಮೂರು ಸೆಕೆಂಡ್ ಅಲುಗಬಾರದು. ಮೂವತ್ತನಾಲ್ಕು ವರ್ಷದ ಸರ್ವೀಸು ಅಷ್ಟು ಉದ್ದ ಇರಲಿಲ್ಲ. ಪಕ್ಕದಲ್ಲಿ ಇಬ್ಬರು ಹೆಂಗಸರೂ ಒಬ್ಬರ ಕೈ ಒಬ್ಬರು ಹಿಸುಕಿಕೊಂಡು ಕೂತಿದ್ದರು. ಪಾದ ಜಾರಲಿಲ್ಲ. ಕೂಸು ನಗುತ್ತಲೇ ಇಳಿಯಿತು. ಆರನೇ ಸ್ಥಾನ. ನನಗೆ ಅದು ಮೊದಲನೆಯದಕ್ಕಿಂತ ಮೇಲು, ಎಲ್ಲರೂ ನೆಟ್ಟಗೆ ಮನೆಗೆ ಬಂದೆವಲ್ಲ.

ಗೇಟಿನಲ್ಲೇ ಮಹಡಿ ಮನೆಯಾಕೆ ಹಂಡೆ ಬೆಳಗುತ್ತಿದ್ದರು. "ನಿಮ್ಮಲ್ಲಿ ನೀರು ತುಂಬಿದ್ರಾ?"

"ಅದು ನೆನ್ನೆ ಅಲ್ವಾ? ನಾವು ಬೆಳಿಗ್ಗೆನೇ ಎಣ್ಣೆಸ್ನಾನ ಮುಗಿಸಿದ್ವಿ," ಅಂದಳು ನನ್ನಾಕೆ.

"ಎಣ್ಣೆಸ್ನಾನ ನಾಳೆ ಅಲ್ವಾ?"

ನನ್ನಾಕೆ ಒಳಗೆ ಹೋದಳು. ಕ್ಯಾಲೆಂಡರ್ ನೋಡಿದಳು. ಕಸದ ಬುಟ್ಟಿಯಿಂದ ಎರಡು ಹಾಳೆ ಎತ್ತಿ ಟೀಪಾಯಿ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು: ಶನಿವಾರ ಸಂಜೆ ಹರಿದದ್ದೊಂದು, ಭಾನುವಾರ ನಸುಕಿನಲ್ಲಿ ಅಭ್ಯಾಸಬಲದಿಂದ ಹರಿದದ್ದೊಂದು. ಆಮೇಲೆ ಎರಡನ್ನೂ ನನ್ನ ಕಡೆ ತಳ್ಳಿದಳು.

ಮೊಮ್ಮಗಳು ಮಾತ್ರ ತನ್ನ ಅಂಗಾಲು ನೋಡಿಕೊಳ್ಳುತ್ತಾ ಕೇಳಿದಳು. "ತಾತ, ಅಂದ್ರೆ ನಾಳೆ ಮತ್ತೆ ಎಣ್ಣೆನಾ?"

ಹಾಗಾಗಿ ದಾಖಲೆಗೆ ಇರಲಿ ಅಂತ ಬರೆದಿಡುತ್ತಿದ್ದೇನೆ: ಇಷ್ಟೆಲ್ಲ ನಡೆದದ್ದು ನರಕ ಚತುರ್ದಶಿಯ ದಿನ ಅಲ್ಲ. ಅದರ ಹಿಂದಿನ ದಿನ, ಆಶ್ವಯುಜ ಬಹುಳ ತ್ರಯೋದಶಿ, ಭಾನುವಾರ, ಬರೀ ನೀರು ತುಂಬುವ ಹಬ್ಬ.