ಕೋವಿಗೆ ವಾರಸುದಾರನಾದದ್ದು

ಸದ್ದಿಗೆ ಹೆದರುವ ಗಂಡಸರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ತಿಳಿಯದು. ಇದ್ದರೂ ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಟ್ಟುಬಿಡುತ್ತೇನೆ. ಕುಕ್ಕರು ಕೂಗುವ ಮುಂಚೆ ಒಂದು ಥರ ಬುಸುಗುಟ್ಟುತ್ತದಲ್ಲ, ಅದು ಕಿವಿಗೆ ಬಿದ್ದರೆ ಸಾಕು, ಪೇಪರು ಮಡಚಿಕೊಂಡು ಜಗಲಿಗೆ ಹೊರಟುಬಿಡುತ್ತೇನೆ. ದೀಪಾವಳಿಯ ಮೂರು ದಿನವೂ ಉತ್ತರಪತ್ರಿಕೆ ತಿದ್ದುವ ಕೆಲಸ ಎಲ್ಲಿಂದಲೋ ಬಂದು ಒಕ್ಕರಿಸುತ್ತದೆ. ಕಿಟಕಿ ಹಾಕಿಕೊಂಡು ತಿದ್ದುತ್ತಾ ಕೂರುತ್ತೇನೆ. ಪಾಂಡವಪುರದ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಒಮ್ಮೆ ಮಕ್ಕಳನ್ನು ಶ್ರೀರಂಗಪಟ್ಟಣದ ಕೋಟೆಗೆ ಕರೆದುಕೊಂಡು ಹೋಗಿ ಹಳೆಯ ಸಿಡಿಮದ್ದಿನ ಮನೆ ತೋರಿಸಿದೆ. ಇನ್ನೂರು ವರ್ಷಗಳಿಂದ ಅದರೊಳಗೆ ಬಾವಲಿ ಬಿಟ್ಟರೆ ಏನೂ ಇಲ್ಲವೆಂದು ವಿವರಿಸುತ್ತಿದ್ದವನು ನಾನೇ. ಆದರೂ ನಿಂತದ್ದು ಮಾತ್ರ ಇಪ್ಪತ್ತು ಮಾರು ದೂರದಲ್ಲಿ. ಹೋದ ವರ್ಷ ನನ್ನ ಹೆಂಡತಿ ಮೈಸೂರಿನಿಂದ ಉದ್ದನೆಯ ಒಂದು ಕರಿ ಛತ್ರಿ ತಂದುಕೊಟ್ಟಳು. ಬಟನ್ ಒತ್ತಿದರೆ ಫಟ್ಟೆಂದು ತಾನೇ ಬಿಚ್ಚಿಕೊಳ್ಳುವಂಥದ್ದು. ಬಿಚ್ಚಬೇಕಾದಾಗಲೆಲ್ಲ ನಾನು ಕೈಯನ್ನು ಆದಷ್ಟು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆಯುತ್ತೇನೆ. ಅಷ್ಟರಲ್ಲಿ ಮಳೆಯ ಮುಕ್ಕಾಲು ಪಾಲು ತಲೆಯ ಮೇಲೆ ಬಿದ್ದಾಗಿರುತ್ತದೆ.

ಇಂಥ ನನ್ನ ಹೆಸರಿನಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಬಿತ್ತು ಎಂದರೆ ನೀವು ನಗಬಹುದು. ಠಾಣೆಯಲ್ಲಿ ಎಲ್ಲರೂ ನಕ್ಕಾಗಿದೆ, ನಿಮಗೇಕೆ ಅಡ್ಡಿ ಮಾಡಲಿ.

ಅರ್ಜಿ ಹಾಕಿಸಿದವರು ನಮ್ಮ ದೊಡ್ಡಪ್ಪ. ಕ್ಯಾತನಹಳ್ಳಿಯಲ್ಲಿ ಕಾಳೇಗೌಡರೆಂಬ ಹೆಸರಿನವರು ಒಬ್ಬರಲ್ಲ. ಡೈರಿ ಕಾಳೇಗೌಡರಿದ್ದಾರೆ, ಮೂಲೆಮನೆ ಕಾಳೇಗೌಡರಿದ್ದಾರೆ, ಟ್ರಾಕ್ಟರು ಮಾರಿ ಎಷ್ಟೋ ವರ್ಷವಾದರೂ ಟ್ರಾಕ್ಟರು ಕಾಳೇಗೌಡರಾಗಿಯೇ ಉಳಿದವರಿದ್ದಾರೆ. ನಮ್ಮ ದೊಡ್ಡಪ್ಪ ಕೋವಿ ಕಾಳೇಗೌಡರು. ಅವರ ಮನೆಯ ನಡುಗೋಡೆಯ ಮೊಳೆಯಲ್ಲಿ ನಮ್ಮ ತಾತನ ಕಾಲದ ಒಂಟಿ ನಳಿಗೆಯ ಕೋವಿ ತೂಗುತ್ತಿತ್ತು. ಕಬ್ಬಿಗೆ ಬೀಳುವ ಹಂದಿಗಳನ್ನು ಹೆದರಿಸಲಿಕ್ಕೆ, ಬೆಳೆ ರಕ್ಷಣೆಯ ಹೆಸರಿನಲ್ಲಿ ಕೊಟ್ಟ ಲೈಸೆನ್ಸು. ಮುಸ್ಸಂಜೆ ಹೊತ್ತಿಗೆ ಗದ್ದೆಯ ಕಡೆಯಿಂದ 'ಢಂ' ಎಂದರೆ ಊರಿನವರು, 'ಕೋವಿ ಗೌಡ್ರು ಆರ್ಸುದ್ರು ಕಣ್ರಲಾ' ಎಂದು ನೆಮ್ಮದಿಯಾಗಿ ದನ ಕಟ್ಟುತ್ತಿದ್ದರು.

ಚುನಾವಣೆ ಯಾವುದೇ ಬರಲಿ, ಲೈಸೆನ್ಸು ಇರುವವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕೆಂಬುದು ನಿಮಗೂ ಗೊತ್ತಿರಬಹುದು. ಬೇರೆಯವರಿಗೆ ಅದು ತಾಪತ್ರಯ, ನಮ್ಮ ದೊಡ್ಡಪ್ಪನಿಗೆ ಹಬ್ಬ. ದೊಡ್ಡವ್ವ ಕೋವಿಗೆ ಅರಿಶಿನ ಕುಂಕುಮ ಇಟ್ಟು, ಹಸಿರು ಪಟ್ಟೆಯ ಜಮಖಾನದಲ್ಲಿ ಸುತ್ತಿ ಕೊಡುತ್ತಿದ್ದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಆ ಜಮಖಾನದ ಸುರುಳಿ ತಬ್ಬಿಕೊಂಡು ಬಸ್ಸು ಹತ್ತಿದರೆ, ಎಂಥ ನೂಕುನುಗ್ಗಲಿನಲ್ಲೂ ಜನ ಎದ್ದು ಜಾಗ ಬಿಡುತ್ತಿದ್ದರು. 'ಓಟು ಬಂತು ಅಂತ ನಂಗೆ ಪೇಪರ್ ನೋಡಿ ಗೊತ್ತಾಗಕಿಲ್ಲ, ಗೌಡ್ರ ಕೋವಿ ನೋಡೇ ಗೊತ್ತಾಗದು' ಎಂದು ಕಂಡಕ್ಟರು ಹೇಳುತ್ತಿದ್ದನಂತೆ. ಈ ಮಾತನ್ನು ದೊಡ್ಡಪ್ಪ ನನಗೆ ಏನಿಲ್ಲವೆಂದರೂ ನೂರು ಸಲ ಹೇಳಿದ್ದಾರೆ.

ಕಳೆದ ಲೋಕಸಭೆ ಚುನಾವಣೆಗೆ ಹೀಗೆ ಹೋದ ಕೋವಿ ವಾಪಸು ಬರಲಿಲ್ಲ. ಅದು ಠಾಣೆಯಲ್ಲಿರುವಾಗಲೇ ಲೈಸೆನ್ಸಿನ ಅವಧಿ ಮುಗಿಯಿತು. ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ದೊಡ್ಡಪ್ಪನ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು, 'ಗೌಡ್ರೆ, ಬೋರ್ಡು ಎಲ್ಲಿದೆ ಅಂತಾನಾದ್ರೂ ಹೇಳಿ' ಎಂದರಂತೆ. ಮಂಡ್ಯದ ಕಚೇರಿಯಲ್ಲಿ, ವಾರಸುದಾರರು ಯಾರಾದರೂ ಇದ್ದರೆ ಅವರ ಹೆಸರಿಗೆ ಅರ್ಜಿ ಹಾಕಿಸಿ, ಇಲ್ಲವಾದರೆ ಕೋವಿ ಠಾಣೆಯಲ್ಲೇ ಇರುತ್ತದೆ ಎಂದರು. ದೊಡ್ಡಪ್ಪನಿಗೆ ಒಬ್ಬಳೇ ಮಗಳು, ಕೆ.ಆರ್. ಪೇಟೆಗೆ ಕೊಟ್ಟಿದೆ. ಅಳಿಯ ಫೋನಿನಲ್ಲೇ ಕೈ ಮುಗಿದುಬಿಟ್ಟರು. ಉಳಿದವನು ನಾನು.

'ಆ ಕೋವಿ ಮನೆಗೆ ಬರ್ನಿಲ್ಲ ಅಂದ್ರೆ ನಾನು ಬರೀ ಕಾಳೇಗೌಡ ಆಗೋಯ್ತೀನಿ ಕಣ್ಲಾ ಮಗಾ' ಎಂದರು ದೊಡ್ಡಪ್ಪ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆಯ ಖಾಲಿ ಮೊಳೆ ನೋಡುತ್ತಿದ್ದರು. ನನ್ನ ಫೀಸು ಕಟ್ಟಿ ಓದಿಸಿದವರು ಅವರು. ಸಹಿ ಹಾಕಿದೆ.

ಸಹಿ ಹಾಕುವಾಗ ನನಗೊಂದು ಗುಟ್ಟಿನ ಧೈರ್ಯವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಈಗಿನ ಕಾಲದಲ್ಲಿ ಬಂದೂಕಿನ ಲೈಸೆನ್ಸು ಸುಲಭಕ್ಕೆ ಸಿಗುವುದಿಲ್ಲ. ಪಹಣಿ ಬೇಕು, ಪೊಲೀಸರ ವರದಿ ಬೇಕು, ಅರಣ್ಯದವರ ಅಭಿಪ್ರಾಯ ಬೇಕು, ಬಂದೂಕು ಹಿಡಿಯಲು ಕಲಿತ ಪ್ರಮಾಣಪತ್ರ ಬೇಕು, ತಲೆ ಸರಿಯಿದೆ ಎಂದು ಡಾಕ್ಟರು ಬರೆದುಕೊಡಬೇಕು. ಇಷ್ಟು ಬಾಗಿಲುಗಳಲ್ಲಿ ಯಾವುದಾದರೊಂದು ನನ್ನ ಮುಖಕ್ಕೆ ಮುಚ್ಚಿಕೊಳ್ಳದೆ ಇರುತ್ತದೆಯೇ? ಅರ್ಜಿ ತಿರಸ್ಕಾರವಾದರೆ ತಪ್ಪು ಸರ್ಕಾರದ್ದು, ನಾನು ಒಳ್ಳೆಯ ಮಗ. ಆದರೆ ಎಲ್ಲ ಬಾಗಿಲುಗಳೂ ಒಂದೊಂದಾಗಿ ತೆರೆದುಕೊಂಡವು. ತಲೆ ಪರೀಕ್ಷಿಸಿದ ಡಾಕ್ಟರು, 'ಸಿಟ್ಟು ಬರುತ್ತಾ?' ಎಂದು ಕೇಳಿದರು. ಒಂಬತ್ತನೇ ತರಗತಿಯ ಪ್ರಬಂಧಗಳನ್ನು ಓದುವಾಗ ಬರುತ್ತದೆ ಎಂದೆ. ಅದು ಆರೋಗ್ಯದ ಲಕ್ಷಣ ಎಂದು ಬರೆದುಕೊಟ್ಟರು. ಉಳಿದದ್ದು ಬಂದೂಕಿನ ತರಬೇತಿ ಮತ್ತು ಠಾಣೆಯ ವಿಚಾರಣೆ. ಠಾಣೆಯಲ್ಲಿ ಕಾಗದಪತ್ರ ನೋಡುವ ನಜೀರ್ ಸಾಹೇಬರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. 'ಮೇಷ್ಟ್ರೇ, ಆಯುಧಪೂಜೆ ದಿನ ಬಂದ್ಬಿಡಿ. ಇನ್‌ಸ್ಪೆಕ್ಟರ್ ಸಾಹೇಬ್ರು ಖುಷಿಯಾಗಿರ್ತಾರೆ, ಅವತ್ತೇ ಕೇಳಿ ಮುಗಿಸ್ತಾರೆ' ಎಂದರು.

ಆಯುಧಪೂಜೆಯ ದಿನ ದೊಡ್ಡಪ್ಪ ನನಗಿಂತ ಮುಂಚೆ ಠಾಣೆಯ ಮುಂದೆ ನಿಂತಿದ್ದರು. ಕೈಯಲ್ಲಿ ಸೇವಂತಿಗೆ ಹಾರ, ನಿಂಬೆಹಣ್ಣು. ಕೋವಿ ಎಲ್ಲೇ ಇರಲಿ, ಆ ದಿನ ಅದಕ್ಕೆ ಪೂಜೆ ತಪ್ಪಬಾರದಂತೆ. ಕಂಕುಳಲ್ಲಿದ್ದ ಕೈಚೀಲದಿಂದ ಹಸಿರು ಪಟ್ಟೆಯ ಜಮಖಾನ ಇಣುಕುತ್ತಿತ್ತು. ಪೇಪರುಗಳಿಗೆ ಇನ್ನೂ ಆರು ತಿಂಗಳಾದರೂ ಬೇಕು ಎಂದು ನಾನು ಹೇಳಿದ್ದೆ. ಆದರೂ ತಂದಿದ್ದರು.

ಒಳಗೆ ಉದ್ದನೆಯ ಮೇಜಿನ ಮೇಲೆ ಠಾಣೆಯ ರೈಫಲುಗಳನ್ನು ಸಾಲಾಗಿ ಮಲಗಿಸಿ, ವಿಭೂತಿ ಬಳಿದು, ಹೂ ಇಟ್ಟಿದ್ದರು. ನಡುವೆ ಇನ್‌ಸ್ಪೆಕ್ಟರ ಪಿಸ್ತೂಲು ಪುಟ್ಟ ಮಗುವಿನ ಹಾಗೆ ಕುಂಕುಮ ಇಡಿಸಿಕೊಂಡು ಕೂತಿತ್ತು. ನಜೀರ್ ಸಾಹೇಬರು ದೊಡ್ಡಪ್ಪನ ಕೋವಿಯನ್ನು ತಂದು ಅದೇ ಸಾಲಿನ ಕೊನೆಯಲ್ಲಿಟ್ಟು, ಪುಸ್ತಕ ತೆರೆದು ಓದಿದರು: 'ಕೋವಿ ಒಂದು, ತೋಟಾ ಹನ್ನೊಂದು. ಅರೆ ಗೌಡ್ರೆ, ಯಾವಾಗ ತಂದ್ರೂ ಹನ್ನೊಂದೇ ತೋಟಾ. ನಾನು ಈ ಠಾಣೆಗೆ ಬಂದಾಗಿಂದ ನೋಡ್ತಾ ಇದ್ದೀನಿ, ಒಂದೂ ಕಮ್ಮಿ ಆಗ್ಲಿಲ್ಲವಲ್ಲ?' ದೊಡ್ಡಪ್ಪನಿಗೆ ಅದು ಕೇಳಿಸಲಿಲ್ಲ. ಕಣ್ಣಿನ ಜೊತೆ ಕಿವಿಯೂ ಮಂದವಾಯಿತೇ ಎಂದು ನನಗೆ ಕಸಿವಿಸಿಯಾಯಿತು.

ಇನ್‌ಸ್ಪೆಕ್ಟರು ನಾಗಮಂಗಲದ ಕಡೆಯವರು, ಸರಳ ಮನುಷ್ಯ. ದೊಡ್ಡಪ್ಪ ಪಿಸ್ತೂಲಿನ ಹತ್ತಿರ ಮೂಗು ತಂದು, 'ಮದ್ಲು ನಿಮ್ಮೋರ ತಾವ ಗುಂಡಗೆ ತಿರುಗೋದು ಒಂದಿತ್ತಲ್ಲ ಸ್ವಾಮಿ, ಅದೇ ಚೆಂದಾಗಿತ್ತು' ಎಂದರು.

'ರಿವಾಲ್ವರ್ರು ಗೌಡ್ರೆ. ನಮ್ಮಲ್ಲಿ ಈಗ್ಲೂ ಎರಡು ಪಂಗಡ ಐತೆ. ರಿವಾಲ್ವರ್ ಕೈ ಕೊಡಲ್ಲ ಅಂತ ಒಬ್ರು, ಪಿಸ್ತೂಲಲ್ಲಿ ಗುಂಡು ಜಾಸ್ತಿ ಹಿಡಿತದೆ ಅಂತ ಇನ್ನೊಬ್ರು. ನಂದು ಮೂರನೇ ಪಂಗಡ. ಜೀಪಲ್ಲಿ ಕೂತಾಗ ಯಾವುದು ಸೊಂಟಕ್ಕೆ ಚುಚ್ಚಲ್ವೋ ಅದು.'

'ಎಷ್ಟು ಜನಕ್ಕೆ ಹೊಡ್ದಿದ್ದೀರಿ?'

'ಅಯ್ಯೋ, ಪ್ರಾಕ್ಟೀಸಲ್ಲಿ ಹಲಗೆಗೆ ಹೊಡ್ದಿದ್ದೀನಿ ಅಷ್ಟೇ. ಅದ್ರಲ್ಲೂ ಒಂದ್ಸಾರಿ ಪಕ್ಕದೋನ ಹಲಗೆಗೆ ಬಿತ್ತು. ಅವನಿಗೆ ಬಹುಮಾನ ಬಂತು.' ಇನ್‌ಸ್ಪೆಕ್ಟರು ಸೊಂಟ ಒತ್ತಿಕೊಂಡರು. 'ಇದನ್ನ ಹೊರೋದಕ್ಕಿಂತ ಇದು ಎಲ್ಲಾದ್ರೂ ಕಳೆದುಹೋದ್ರೆ ಅನ್ನೋ ಯೋಚನೆ ಭಾರ. ಮದುವೆ ಊಟಕ್ಕೆ ಕೂತ್ರೂ ಎಡಗೈ ಇಲ್ಲೇ ಇರ್ತದೆ.'

ನನಗೆ ಆ ಮನುಷ್ಯನ ಮೇಲೆ ತುಂಬ ಪ್ರೀತಿ ಬಂತು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, 'ಈಗ ಹೇಳಿ ಮೇಷ್ಟ್ರೇ, ನಿಮಗ್ಯಾಕೆ ಬಂದೂಕು?' ಎಂದರು.

ಈ ಪ್ರಶ್ನೆಗೆ ನಾನು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಸಮೇತ ಒಂದೂವರೆ ಪುಟ ಬರೆದು ಬಾಯಿಪಾಠ ಮಾಡಿದ್ದೆ. 'ಅನಾದಿ ಕಾಲದಿಂದಲೂ ರೈತನು...' ಎಂದು ಶುರು ಮಾಡಿದೆ. ದೊಡ್ಡಪ್ಪ ಹಾರ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ಹೊರಗೆ ಜೀಪಿನ ಪೂಜೆ ಮುಗಿದಿತ್ತು ಎಂದು ಕಾಣುತ್ತದೆ. ಒಬ್ಬ ಕಾನ್‌ಸ್ಟೇಬಲ್ಲು ಸರಪಟಾಕಿಗೆ ಬೆಂಕಿ ಕೊಟ್ಟ.

ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನಾನು ಇನ್‌ಸ್ಪೆಕ್ಟರ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಅವರ ಬೆಲ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ಅವರ ಕೈ ಖಾಲಿ ಪಿಸ್ತೂಲು ಚೀಲದ ಮೇಲಿತ್ತು. ಠಾಣೆಗೆ ಠಾಣೆಯೇ ನಗುತ್ತಿತ್ತು. ನಜೀರ್ ಸಾಹೇಬರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. 'ಮೇಷ್ಟ್ರೇ, ಮುಗೀತು, ಎದ್ದೇಳಿ, ಬೆಲ್ಟು ಬಿಡಿ' ಎಂದು ಇನ್‌ಸ್ಪೆಕ್ಟರು ಮೆಲ್ಲಗೆ ಹೇಳಿದರು.

ನಗದೆ ಇದ್ದವರು ದೊಡ್ಡಪ್ಪ ಒಬ್ಬರೇ. ಅವರು ಹಾರವನ್ನು ಕೋವಿಗೆ ಹಾಕಿ, ನಿಂಬೆಹಣ್ಣು ಇಟ್ಟು, ನಳಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಇನ್‌ಸ್ಪೆಕ್ಟರ ಮುಂದೆ ಬಂದು ನಿಂತರು. 'ಸ್ವಾಮಿ, ಆ ಅರ್ಜಿ ಬುಟ್ಬುಡಿ. ನಮ್ ಹುಡ್ಗಂಗೆ ಬ್ಯಾಡ. ಕೋವಿ ಇಲ್ಲೇ ಇರ್ಲಿ. ಹಬ್ಬದ ದಿನ ಮಾತ್ರ ಒಂದು ಹೂ ಮಡಗ್ಸಿ.'

ನಾಲ್ಕು ತಿಂಗಳಿಂದ ಯಾವ ಮಾತಿಗಾಗಿ ಹಂಬಲಿಸಿದ್ದೆನೋ ಅದು ಬಂದಿತ್ತು. ನನಗೆ ಅಳು ಬಂತು. ಸರ್ಕಾರ ತಿರಸ್ಕರಿಸಿದ್ದರೆ ಹಾಯಾಗಿ ಬೈದುಕೊಂಡು ಇರಬಹುದಿತ್ತು. ಇವರು ನನಗಾಗಿ ಬಿಟ್ಟುಕೊಟ್ಟರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, 'ತಪ್ಪಾಯ್ತು ದೊಡ್ಡಪ್ಪ' ಎಂದೆ.

'ಯಾತರದ್ಲಾ ತಪ್ಪು?' ಎಂದರು. ಆಚೆ ಈಚೆ ನೋಡಿ ದನಿ ತಗ್ಗಿಸಿದರು. 'ಆ ಕೋವಿ ನಾನು ಆರ್ಸಿರದು ಒಂದೇ ಒಂದು ಸತಿ ಕಣ್ಲಾ. ನಮ್ಮಪ್ಪ ಕೈಗೆ ಕೊಟ್ಟ ದಿನ. ಭುಜಕ್ಕೆ ಎಂಗೆ ಒದೀತು ಅಂದ್ರೆ, ಹೋಗಿ ನಾಲೆ ಒಳೀಕೆ ಬಿದ್ದೆ. ಮೂರು ದಿನ ಕಿವಿ ಕೇಳ್ನಿಲ್ಲ. ಅವತ್ತಿಂದ ಅದನ್ನ ಹೆಗಲಿಗಾಕ್ಕಂಡು ಬದಿನ ಮ್ಯಾಲೆ ನಿಂತ್ಕಳದು ಅಷ್ಟೇಯ ನನ್ ಕೆಲ್ಸ.'

'ಮತ್ತೆ ಸಾಯಂಕಾಲ ಢಂ ಅಂತಿತ್ತಲ್ಲ?'

'ಅದು ಪಟಾಕಿ. ನಿಮ್ ದೊಡ್ಡವ್ವ ಹಚ್ಚೋಳು, ಕಬ್ಬಿನ ಆ ಕಡೆಯಿಂದ. ನಾನು ಕಿವಿಗೆ ಹತ್ತಿ ಇಟ್ಕಂಡಿರ್ತಿದ್ದೆ. ಅವಳು ಯಾರ್ಗೂ ಬಾಯಿ ಬುಟ್ಟಿಲ್ಲ, ಪುಣ್ಯಾತ್ಗಿತ್ತಿ.'

ಹನ್ನೊಂದು ತೋಟಾದ ಲೆಕ್ಕ ಆಗ ನನಗೆ ಹತ್ತಿತು. ಇಬ್ಬರೂ ನಕ್ಕೆವು, ನಕ್ಕು ನಕ್ಕು ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒರೆಸಿದ ಮೇಲೂ ಕಣ್ಣು ತುಂಬಿಯೇ ಇತ್ತು. 'ಬಸ್ಸಲ್ಲಿ ಎಲ್ಲಾ ಕೇಳ್ತಾರೆ ಕಣ್ಲಾ. ಕೋವಿ ಬುಡುಸ್ಕಬತ್ತೀನಿ ಅಂತ ಬೆಳಿಗ್ಗೇನೇ ಹೇಳ್ಬುಟ್ಟಿದ್ದೆ' ಎಂದರು.

ನಾನು ಕೈಚೀಲದಿಂದ ಜಮಖಾನ ತೆಗೆದೆ. ಬೆಂಚಿನ ಮೇಲೆ ಹಾಸಿ, ಬೆಳಿಗ್ಗೆ ಮೋಡ ನೋಡಿ ತಂದಿದ್ದ ನನ್ನ ಕರಿ ಛತ್ರಿಯನ್ನು ಅದರ ಮೇಲೆ ಮಲಗಿಸಿ, ಬಿಗಿಯಾಗಿ ಸುತ್ತಿದೆ. ಸುತ್ತಿದ್ದು ಸಡಿಲವಾಗಿದೆ ಎಂದು ದೊಡ್ಡಪ್ಪ ತುದಿಯಲ್ಲಿ ಇನ್ನೊಂದು ಗಂಟು ಹಾಕಿಕೊಟ್ಟರು.

ಬಸ್ಸಿನಲ್ಲಿ ಹಬ್ಬದ ಜನ ಕಿಕ್ಕಿರಿದಿದ್ದರು. 'ಕೋವಿ ಬಂತು, ಜಾಗ ಬುಡ್ರಲಾ' ಎಂದು ಯಾರೋ ಕೂಗಿದರು. ಸೀಟು ಖಾಲಿಯಾಯಿತು. 'ಬುಡುಸ್ಕಂಡ್ರಾ ಗೌಡ್ರೆ?' ಎಂದು ಹಿಂದಿನಿಂದ ಒಬ್ಬರು ಕೇಳಿದರು. ದೊಡ್ಡಪ್ಪ ಕಿಟಕಿಯ ಆಚೆ ನೋಡಿದರು. ಮೂವತ್ತು ವರ್ಷದಿಂದ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳಿದ ನಾನು, ಬಂಡಲನ್ನು ಎರಡೂ ಕೈಗಳಿಂದ ಹಿಡಿದುಕೊಂಡು, 'ಮನೆಗೆ ತಗೊಂಡು ಹೋಗ್ತಾ ಇದ್ದೀವಿ' ಎಂದೆ. ದೊಡ್ಡಪ್ಪನ ಬೆನ್ನು ನೆಟ್ಟಗಾಯಿತು.

ಕ್ಯಾತನಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಮಳೆ ಹಿಡಿದಿತ್ತು. ಅಂಗಡಿ ಜಗಲಿಯ ತುಂಬ ಜನ ನಿಂತು ನಮ್ಮನ್ನೇ ನೋಡುತ್ತಿದ್ದರು. ಛತ್ರಿ ಬಿಚ್ಚುವ ಹಾಗಿಲ್ಲ. ನಾವಿಬ್ಬರೂ ಉದ್ದಾನುದ್ದ ಬೀದಿಯಲ್ಲಿ ತೊಪ್ಪೆಯಾಗಿ ನೆನೆಯುತ್ತಾ, ಯಾವ ಅವಸರವೂ ಇಲ್ಲದವರ ಹಾಗೆ ನಡೆದೆವು. 'ಯಾಕ್ಲಾ ಅದನ್ನ ಅಷ್ಟು ದೂರ ಹಿಡ್ಕಂಡಿದ್ದೀಯೆ, ಎದೆಗೆ ಒತ್ಕೊ' ಎಂದು ದೊಡ್ಡಪ್ಪ ಗದರಿದರು. ನಾನು ಒತ್ತಿಕೊಳ್ಳಲಿಲ್ಲ. ಜಮಖಾನದೊಳಗೆ ಆ ಬಟನ್ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಎಲ್ಲಾದರೂ ಫಟ್ಟೆಂದುಬಿಟ್ಟರೆ, ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಓಡುವವನು ನಾನೇ.